ಎರಡು-ಮೂರು ಎಕರೆಗೆ ಸರಿಯಾದ ಮಿನಿ ಟ್ರ್ಯಾಕ್ಟರ್ ಆರಿಸುವುದು ಹೇಗೆ? ಬೆಂಗಳೂರು ಸುತ್ತಮುತ್ತಲ ತೋಟದವರಿಗೆ ಸಮಗ್ರ ಮಾರ್ಗದರ್ಶಿ

ಶೋರೂಮಿಗೆ ಹೋಗುವ ಮುಂಚೆ ಒಂದು ನೂರಡಿ ಟೇಪು ಹಿಡಿದು ಜಮೀನಿಗೆ ಹೋಗಿ. ಮಿನಿ ಟ್ರ್ಯಾಕ್ಟರ್ ಆರಿಸುವ ಕೆಲಸ ಅಲ್ಲಿಂದ ಶುರುವಾಗಬೇಕು. ನಮ್ಮಲ್ಲಿ ಜಾಸ್ತಿ ಜನ ಮಾಡುವುದು ಉಲ್ಟಾ. ಮೊದಲು ಕಂಪನಿ ನೋಡುತ್ತಾರೆ, ಆಮೇಲೆ ಎಚ್‌ಪಿ (ಇಂಜಿನ್ನಿನ ಶಕ್ತಿ), ಆಮೇಲೆ ಕಂತು ಎಷ್ಟು ಅಂತ. ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ, ಇದಕ್ಕೆ ಯಾವ ರೋಟವೇಟರ್ (ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ಉಪಕರಣ) ಹಾಕೋದು, ಇದು ಸಾಲಿನೊಳಗೆ ಹೋಗುತ್ತಾ ಅಂತ ಯೋಚನೆ ಬರುತ್ತದೆ. ಅಷ್ಟು ಹೊತ್ತಿಗೆ ಐದಾರು ಲಕ್ಷ ಕೈ ಬಿಟ್ಟಿರುತ್ತದೆ.

ನಮ್ಮದು ದೊಡ್ಡಬಳ್ಳಾಪುರದ ಕಡೆ 2 ಎಕರೆ 20 ಗುಂಟೆ. ಒಂದು ಎಕರೆ ಮಾವು, 30 ಗುಂಟೆ ಹಿಪ್ಪುನೇರಳೆ, ಉಳಿದ 30 ಗುಂಟೆಯಲ್ಲಿ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ವಾರದಲ್ಲಿ ಐದು ದಿನ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಭಾನುವಾರ ತೋಟ. ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗೆ ದೇವನಹಳ್ಳಿ, ಮಾಗಡಿ, ಕನಕಪುರ, ಹೊಸಕೋಟೆ ಕಡೆ ಸಣ್ಣ ತೋಟ ಮಾಡಿಕೊಂಡವರೂ ಇದ್ದಾರೆ. ಹಿರಿಯರಿಂದ ಬಂದ ಜಮೀನು ಪಾಲಾಗಿ ಎರಡು ಮೂರು ಎಕರೆಗೆ ಇಳಿದವರೂ ಇದ್ದಾರೆ. ಇಬ್ಬರಿಗೂ ಪ್ರಶ್ನೆ ಒಂದೇ: ಈ ಅಳತೆಗೆ ಯಾವ ಗಾಡಿ ಸರಿ?

ಹಂತ 1: ಮೊದಲು, ಕೊಳ್ಳಲೇಬೇಕಾ ಅಂತ ಲೆಕ್ಕ ಹಾಕಿ

ಒಂದು ವರ್ಷದಲ್ಲಿ ನಿಮಗೆ ಎಷ್ಟು ಗಂಟೆ ಟ್ರ್ಯಾಕ್ಟರ್ ಕೆಲಸ ಇದೆ? ಕೆಲಸ ಒಂದೊಂದನ್ನೇ ಬರೆಯಿರಿ. ರಾಗಿಗೆ ಎರಡು ಸಾರಿ ಕಲ್ಟಿವೇಟರ್ (ಹಲ್ಲುಗಳಿಂದ ನೆಲ ಸೀಳುವ ಉಪಕರಣ), ಒಂದು ಸಾರಿ ರೋಟವೇಟರ್, ಬಿತ್ತನೆ. ಮಾವಿನ ತೋಟಕ್ಕೆ ವರ್ಷಕ್ಕೆ ಮೂರು ನಾಲ್ಕು ಸಾರಿ ಕಳೆ ಹೊಡೆಯುವುದು. ಹಿಪ್ಪುನೇರಳೆಗೆ ಪ್ರತಿ ಕಟಾವಾದ ಮೇಲೂ ಸಾಲಿನ ನಡುವೆ ಉಳುಮೆ, ಅಂದರೆ ವರ್ಷಕ್ಕೆ ಐದು ಸಾರಿ. ಗೊಬ್ಬರ ಸಾಗಿಸುವುದು, ಔಷಧಿ ಹೊಡೆಯುವುದು ಬೇರೆ.

ಈಗ ಹಣ. ಟ್ರ್ಯಾಕ್ಟರ್ ಮತ್ತು ಎರಡು ಮೂರು ಉಪಕರಣ ಸೇರಿ 6 ಲಕ್ಷ ಅಂತ ಇಟ್ಟುಕೊಳ್ಳಿ. ಹತ್ತು ವರ್ಷ ಬಳಸಿ ಎರಡೂವರೆ ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 35,000 ಸವೆತ. ಬಡ್ಡಿ ಸರಾಸರಿ ಇನ್ನೊಂದು 35,000. ಇನ್ಶೂರೆನ್ಸ್, ಸರ್ವಿಸ್, ಬ್ಯಾಟರಿ, ಟೈರು ಎಲ್ಲಾ ಹರಡಿದರೆ 25,000. ಒಟ್ಟು ಹತ್ತಿರ ಹತ್ತಿರ 95,000. ನಾನು ಬಾಡಿಗೆ ಟ್ರ್ಯಾಕ್ಟರಿಗೆ ಕೊಡುತ್ತಿದ್ದುದು ಗಂಟೆಗೆ 1,200 ರೂಪಾಯಿ. ಸ್ವಂತ ಗಾಡಿಗೆ ಗಂಟೆಗೆ ಮೂರು ಲೀಟರ್ ಡೀಸೆಲ್ ಅಂದರೂ 270 ರೂಪಾಯಿ ಖರ್ಚಿದೆ. ಉಳಿಯುವುದು ಗಂಟೆಗೆ 900ರ ಆಸುಪಾಸು. 95,000 ಹುಟ್ಟಬೇಕಾದರೆ ವರ್ಷಕ್ಕೆ 105 ಗಂಟೆ ಗಾಡಿ ಓಡಬೇಕು.

ನಮ್ಮ ತೋಟದ ಲೆಕ್ಕ 60 ಗಂಟೆ ದಾಟಲಿಲ್ಲ. ಬರೀ ರಾಗಿ ಬೆಳೆಯುವ ಎರಡು ಎಕರೆಯಾದರೆ 20 ಗಂಟೆಯೂ ಆಗುವುದಿಲ್ಲ. ಅಂಥವರಿಗೆ ನಾನು ನೇರವಾಗಿ ಹೇಳುವುದು, ಸ್ವಂತ ಗಾಡಿ ಬೇಡ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುತ್ತದೆ, ಊರಿನಲ್ಲೂ ಯಾರಾದರೂ ಇರುತ್ತಾರೆ. ತರಕಾರಿ, ಹೂವು ಬೆಳೆಯುವ ಅರ್ಧ ಎಕರೆ, ಮುಕ್ಕಾಲು ಎಕರೆಯಾದರೆ ಹಿಂದೆ ನಡೆದು ಓಡಿಸುವ ಪವರ್ ಟಿಲ್ಲರ್ ಅಥವಾ ಪವರ್ ವೀಡರ್ ಸಾಕು.

ಹಾಗಾದರೆ ನಾವು ಯಾಕೆ ತೆಗೆದುಕೊಂಡೆವು? ಎರಡು ಕಾರಣ. ಒಂದು, ಹದ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಉಳುಮೆಗೆ ಒಳ್ಳೆ ಹದ ಇರುವುದು ಎರಡು ಮೂರು ದಿನ. ಆಮೇಲೆ ಮೇಲ್ಪದರ ಗಟ್ಟಿಯಾಗುತ್ತದೆ. ಒಂದು ವರ್ಷ ಆರಿದ್ರಾ ಮಳೆ ಚೆನ್ನಾಗಿ ಬಂತು. ಊರಿನ ಎಲ್ಲರಿಗೂ ಒಂದೇ ದಿನ ಟ್ರ್ಯಾಕ್ಟರ್ ಬೇಕಾಯಿತು. ನಮ್ಮ ಸರದಿ ಬರುವ ಹೊತ್ತಿಗೆ ಐದು ದಿನ ಕಳೆದಿತ್ತು, ಹೆಂಟೆ ಹೆಂಟೆಯಾಗಿ ಎದ್ದ ನೆಲದಲ್ಲಿ ರಾಗಿ ಸರಿಯಾಗಿ ಮೊಳೆಯಲೇ ಇಲ್ಲ. ಎರಡನೆಯದು, ಬಾಡಿಗೆಗೆ ಬರುವ 45-50 ಎಚ್‌ಪಿ ಗಾಡಿ ಹಿಪ್ಪುನೇರಳೆ ಸಾಲಿನೊಳಗೆ ಹೋಗುವುದೇ ಇಲ್ಲ. ಮಾವಿನ ಸಾಲಿನಲ್ಲಿ ಹೋದರೆ ಕಾಂಡದ ತೊಗಟೆ ಕೀಳುತ್ತದೆ, ಡ್ರಿಪ್ ಪೈಪು ಹರಿಯುತ್ತದೆ. ಎರಡು ಟನ್ ತೂಕ ಬೇರುಗಳ ಮೇಲೆ ಓಡಾಡುವುದು ಬೇರೆ.

ಹಣದ ಲೆಕ್ಕ ಸರಿಹೋಗಲಿ ಅಂತ ಪಕ್ಕದ ತೋಟದ ಅಣ್ಣನ ಜೊತೆ ಪಾಲಿನಲ್ಲಿ ತೆಗೆದುಕೊಂಡೆವು. ಅವರಿಗೆ ಎರಡು ಎಕರೆ ಹಿಪ್ಪುನೇರಳೆ ಇದೆ. ಇಬ್ಬರದೂ ಸೇರಿ ವರ್ಷಕ್ಕೆ 130 ಗಂಟೆ. ಹೀಗೆ ಮಾಡುವುದಾದರೆ ಒಂದು ಮಾತು. ಆರ್‌ಸಿ ಒಬ್ಬರ ಹೆಸರಿನಲ್ಲೇ ಇರುತ್ತದೆ, ಆದ್ದರಿಂದ ಯಾರು ಎಷ್ಟು ಹಾಕಿದರು, ರಿಪೇರಿ ಬಂದರೆ ಹೇಗೆ, ಹದದ ದಿನ ಮೊದಲು ಯಾರಿಗೆ ಅಂತ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೀಟರಿನಲ್ಲಿ ಗಂಟೆ ನೋಡಿ ಪುಸ್ತಕದಲ್ಲಿ ಬರೆಯುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಹಂತ 2: ಜಮೀನು ಅಳೆಯಿರಿ

ಇದಕ್ಕೆ ಅರ್ಧ ದಿನ ಬೇಕು. ಅವಸರ ಮಾಡಬೇಡಿ.

ಸಾಲಿನ ಅಂತರ ಮೊದಲು. ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ ನೆಟ್ಟಿದ್ದರೆ ಜೋಡಿಯೊಳಗೆ 3 ಅಡಿ, ಎರಡು ಜೋಡಿಗಳ ನಡುವೆ 5 ಅಡಿ ಇರುತ್ತದೆ. ಗಾಡಿ ಓಡುವುದು ಆ 5 ಅಡಿಯಲ್ಲಿ. ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಮೂರೂವರೆ ಅಡಿ ಇರುವ ಗಾಡಿಯಾದರೆ ಎರಡೂ ಕಡೆ ಒಂಬತ್ತು ಒಂಬತ್ತು ಇಂಚು ಉಳಿಯುತ್ತದೆ. ಅದಕ್ಕಿಂತ ಅಗಲವಾದರೆ ಗಿಡ ಹೋಯಿತು. ಮಿನಿ ಟ್ರ್ಯಾಕ್ಟರುಗಳಲ್ಲಿ ಮೂರಡಿ ಅಗಲದವೂ ಇವೆ, ನಾಲ್ಕಡಿ ದಾಟುವವೂ ಇವೆ. ಹೆಸರಿನಲ್ಲಿ ಎಲ್ಲಾ ಮಿನಿಯೇ. ಆದ್ದರಿಂದ ಅಗಲವನ್ನು ನೀವೇ ಟೇಪು ಹಿಡಿದು ನೋಡಬೇಕು.

ಮಾವಿನಲ್ಲಿ ಕಾಂಡದಿಂದ ಕಾಂಡಕ್ಕೆ ಅಳೆದರೆ ಪ್ರಯೋಜನ ಇಲ್ಲ. ನಮ್ಮದು 16 ಅಡಿ ಅಂತರದ ಒತ್ತು ನಾಟಿ. ಕೊಂಬೆ ಬಾಗಿರುವ ಜಾಗ ಬಿಟ್ಟರೆ ಓಡಾಡಲು ಉಳಿಯುವುದು 7 ಅಡಿ. ಹಳೆಯ 33 ಅಡಿ ಅಂತರದ ತೋಟಗಳಲ್ಲಿ ಅಗಲದ ಚಿಂತೆ ಇಲ್ಲ, ಕೆಳಗೆ ಬಾಗಿದ ಕೊಂಬೆಯದೇ ಚಿಂತೆ. ದ್ರಾಕ್ಷಿ ಇದ್ದರೆ ಚಪ್ಪರದ ಎತ್ತರ ಅಳೆಯಿರಿ. ಆರೇಳು ಅಡಿ ಚಪ್ಪರದ ಕೆಳಗೆ ಸೈಲೆನ್ಸರ್ ಮೇಲಕ್ಕೆ ನಿಂತಿರುವ ಗಾಡಿ ತಂತಿಗೆ ತಗುಲುತ್ತದೆ. ಸೈಲೆನ್ಸರ್ ಪಕ್ಕಕ್ಕೆ ಅಥವಾ ಕೆಳಗೆ ಇರುವ ಮಾದರಿ ಬೇಕು. ಕೂತವರ ತಲೆಯ ಎತ್ತರವನ್ನೂ ಸೇರಿಸಿ ನೋಡಿ.

ಆಮೇಲೆ ತಿರುವು. ಗಾಡಿ ಎಂಟಡಿ, ಹಿಂದಿನ ಉಪಕರಣ ಮೂರಡಿ ಅಂತ ಹಿಡಿದರೆ ಸಾಲಿನ ಕೊನೆಯಲ್ಲಿ ತಿರುಗಲು 12ರಿಂದ 15 ಅಡಿ ಖಾಲಿ ಜಾಗ ಬೇಕು. ಬೇಲಿ ಅಂಚಿನವರೆಗೂ ಗಿಡ ನೆಟ್ಟಿದ್ದರೆ ಕೊನೆಯ ಸಾಲು ತೆಗೆಯಬೇಕಾಗುತ್ತದೆ. ನಾವು ತೆಗೆದೆವು. ಹೊಸದಾಗಿ ತೋಟ ಮಾಡುತ್ತಿರುವವರು ದಯವಿಟ್ಟು ನೆಡುವಾಗಲೇ ಈ ಜಾಗ ಬಿಡಿ.

ಗೇಟು, ಬದು, ಬಂಡಿ ದಾರಿ, ಇವನ್ನೂ ನೋಡಿ. ಮಾಗಡಿ, ರಾಮನಗರ, ಕನಕಪುರ ಕಡೆಯಾದರೆ ಇಳಿಜಾರು ಮತ್ತು ನೆಲದೊಳಗಿನ ಕಲ್ಲು. ಕಲ್ಲು ಎಲ್ಲೆಲ್ಲಿದೆ ಅಂತ ಗೊತ್ತಿದ್ದರೆ ಅಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ. ರೋಟವೇಟರ್ ಬ್ಲೇಡು ಮುರಿಯುವುದು ಅಲ್ಲೇ.

ಹಂತ 3: ಉಪಕರಣ ಮೊದಲು, ಗಾಡಿ ಆಮೇಲೆ

ಟ್ರ್ಯಾಕ್ಟರ್ ತಾನಾಗಿ ಏನೂ ಮಾಡುವುದಿಲ್ಲ. ಕೆಲಸ ಮಾಡುವುದು ಹಿಂದೆ ಕಟ್ಟಿದ ಉಪಕರಣ. ನಿಮಗೆ ಬೇಕಾದ ಉಪಕರಣದಲ್ಲಿ ಯಾವುದು ಅತಿ ಭಾರವಾದ ಕೆಲಸ ಕೇಳುತ್ತದೋ ಅದನ್ನು ಎಳೆಯುವಷ್ಟು ಶಕ್ತಿ ಗಾಡಿಗೆ ಇರಬೇಕು. ಸಣ್ಣ ತೋಟಗಳಲ್ಲಿ ಅದು ಸಾಮಾನ್ಯವಾಗಿ ರೋಟವೇಟರ್.

ಮೂರಡಿ ರೋಟವೇಟರಿಗೆ 15ರಿಂದ 18 ಎಚ್‌ಪಿ ಗಾಡಿ ಸಾಕು. ನಾಲ್ಕಡಿಯದಕ್ಕೆ 20ರಿಂದ 25 ಬೇಕು. ಮೂರಡಿಯದರಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ, ತಿರುಗುವ ಸಮಯವನ್ನೂ ಸೇರಿಸಿದರೆ, ಒಂದು ಎಕರೆಗೆ ಸುಮಾರು 2 ಗಂಟೆ 25 ನಿಮಿಷ. ನಾಲ್ಕಡಿಯದರಲ್ಲಿ 1 ಗಂಟೆ 50 ನಿಮಿಷ. ಎರಡು ಎಕರೆಯವರಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಆದ್ದರಿಂದ ಸಾಲಿನಲ್ಲಿ ಹೋಗುವ ಅಗಲಕ್ಕೇ ಬೆಲೆ ಕೊಡಿ, ವೇಗಕ್ಕೆ ಬೇಡ.

ನನ್ನ ಸ್ನೇಹಿತರೊಬ್ಬರಿಗೆ 18 ಎಚ್‌ಪಿ ಗಾಡಿಯ ಜೊತೆ ನಾಲ್ಕಡಿ ರೋಟವೇಟರ್ ಕಟ್ಟಿ ಕಳಿಸಿದರು. ಒಣ ನೆಲದಲ್ಲಿ ಇಳಿಸಿದ ಕೂಡಲೇ ಇಂಜಿನ್ ಏದುಸಿರು ಬಿಡುತ್ತಿತ್ತು. ಆಳ ಎರಡು ಇಂಚಿಗೆ ಇಳಿಸಿ ಓಡಿಸಿದರು, ಕಳೆಯ ಬೇರು ಹಾಗೇ ಉಳಿಯಿತು. ಒಂದೇ ಹಂಗಾಮಿನಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸಬೇಕಾಯಿತು. ಗಾಡಿ ಕೆಟ್ಟದಿರಲಿಲ್ಲ, ಜೋಡಿ ತಪ್ಪಾಗಿತ್ತು.

ಉಳಿದ ಉಪಕರಣಗಳಲ್ಲಿ ಐದು ಹಲ್ಲಿನ ಕಲ್ಟಿವೇಟರ್ ಖಂಡಿತ ಬೇಕು. ರೋಟವೇಟರ್ ಒಂದನ್ನೇ ಪದೇ ಪದೇ ಹೊಡೆದರೆ ಮೇಲೆ ಪುಡಿಯಾಗಿ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ, ಮಳೆ ನೀರು ಇಂಗುವುದಿಲ್ಲ. ನಮ್ಮ ಕೆಂಪು ಮಣ್ಣಿಗೆ ಇದು ನಿಜವಾದ ತೊಂದರೆ. ನಾನು ಹಿಪ್ಪುನೇರಳೆಯಲ್ಲಿ ಎರಡು ಸಾರಿ ಕಲ್ಟಿವೇಟರ್ ಹೊಡೆದರೆ ಒಂದು ಸಾರಿ ಮಾತ್ರ ರೋಟವೇಟರ್ ಇಳಿಸುತ್ತೇನೆ. ರಾಗಿಗೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಇರುವ ಬಿತ್ತನೆ ಕೂರಿಗೆ ಸಿಗುತ್ತದೆ, ಆದರೆ ವರ್ಷಕ್ಕೆ ಒಂದೇ ದಿನ ಬೇಕಾಗುವ ಉಪಕರಣ ಇದು, ಬಾಡಿಗೆಗೆ ತಂದರೆ ಸಾಕು. ಟ್ರೈಲರ್ ಚಿಕ್ಕದು ಸಾಕು. ಔಷಧಿ ಹೊಡೆಯುವ ಪಂಪು ಮಾವು, ದ್ರಾಕ್ಷಿ ಇದ್ದವರಿಗೆ ಮಾತ್ರ.

ಉಪಕರಣ ಕಟ್ಟುವ ಪಿನ್ನಿನ ಅಳತೆಯನ್ನೂ ಹೊಂದಿಸಿ ನೋಡಿ. ಕೆಟಗರಿ 1 ಅನ್ನುವ ಅಳತೆಯಲ್ಲಿ ಕೆಳಗಿನ ಲಿಂಕಿನ (ಉಪಕರಣ ಹಿಡಿಯುವ ತೋಳು) ಪಿನ್ 22 ಮಿಲಿಮೀಟರ್, ಮೇಲಿನದು 19. ಅತಿ ಕಿರಿದಾದ ಗಾಡಿಗಳಲ್ಲಿ ಪಿನ್ ಅದೇ ಇದ್ದರೂ ಕೆಳಗಿನ ಎರಡು ಲಿಂಕುಗಳ ನಡುವಿನ ಅಂತರ ಕಡಿಮೆ ಇರುತ್ತದೆ. ಪಕ್ಕದ ಮನೆಯ ಕಲ್ಟಿವೇಟರ್ ನಿಮ್ಮ ಗಾಡಿಗೆ ಕೂರದೆ ಹೋಗಬಹುದು.

ಹಂತ 4: ಎಚ್‌ಪಿ ಅಂದರೆ ಯಾವ ಎಚ್‌ಪಿ?

ಬಾನೆಟ್ ಮೇಲೆ ಬರೆಯುವುದು, ಡೀಲರ್ ಹೇಳುವುದು ಇಂಜಿನ್ ಎಚ್‌ಪಿ. ರೋಟವೇಟರ್ ತಿರುಗಿಸುವುದು ಪಿಟಿಒ ಶಾಫ್ಟಿಗೆ, ಅಂದರೆ ಉಪಕರಣ ತಿರುಗಿಸಲು ಗಾಡಿಯ ಹಿಂದೆ ಇರುವ ದಂಡಕ್ಕೆ, ಬರುವ ಎಚ್‌ಪಿ. ಗೇರು, ಹೈಡ್ರಾಲಿಕ್ ಪಂಪು, ಫ್ಯಾನು ಎಲ್ಲಾ ತಮ್ಮ ಪಾಲು ತಿಂದು ಉಳಿದದ್ದು ಅದು. ಸಾಮಾನ್ಯವಾಗಿ ಇಂಜಿನ್ನಿನ ಶೇ. 85ರಷ್ಟು. ಆದರೆ ಮಿನಿಗಳಲ್ಲಿ ಇದು ತುಂಬಾ ಹೆಚ್ಚು ಕಡಿಮೆ ಆಗುತ್ತದೆ. ಎರಡು ಗಾಡಿಯ ಇಂಜಿನ್ 21 ಎಚ್‌ಪಿಯೇ ಇದ್ದರೂ ಒಂದರ ಪಿಟಿಒ 15-16ಕ್ಕೆ ನಿಲ್ಲುತ್ತದೆ, ಇನ್ನೊಂದರದು 18 ಇರುತ್ತದೆ. ಹೋಲಿಸುವಾಗ ಈ ಸಂಖ್ಯೆಯನ್ನೇ ಹೋಲಿಸಿ.

ಇದನ್ನು ಡೀಲರ್ ಮಾತಿನ ಮೇಲೆ ನಂಬಬೇಕಾಗಿಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಪರೀಕ್ಷೆಯಾದ ಮಾದರಿಗಳ ವರದಿ ಸಿಗುತ್ತದೆ. ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಎತ್ತುವ ಸಾಮರ್ಥ್ಯ, ಎಳೆಯುವ ಬಲ ಎಲ್ಲಾ ಅದರಲ್ಲಿರುತ್ತದೆ. ಡೀಲರಿಗೆ "ಬುದ್ನಿ ಟೆಸ್ಟ್ ರಿಪೋರ್ಟ್ ಕೊಡಿ" ಅಂತ ಕೇಳಿ. ಕೇಳಿದ ಮೇಲೆ ಅವರು ಮಾತಾಡುವ ರೀತಿಯೇ ಬದಲಾಗುತ್ತದೆ, ನಾನು ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಇಲ್ಲದ ಇಂಜಿನ್ನಿನ ಶಕ್ತಿ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಸರಿಯಾಗಿ ಕೂರುವ ಗಾಡಿಗಿಂತ ಎರಡು ಮೂರು ಎಚ್‌ಪಿ ಮೇಲಿರುವುದನ್ನೇ ಆರಿಸಿ. ಹಾಗಂತ 35-40ಕ್ಕೆ ಹೋಗಬೇಡಿ. ಆ ಗಾಡಿ ಸಾಲಿನೊಳಗೆ ಬರುವುದಿಲ್ಲ, ಸುಮ್ನೆ ನಿಂತಿರುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ಎರಡು ಎಕರೆಯವರೆಗೆ, ಸಮತಟ್ಟು ನೆಲ, ಮೂರಡಿ ರೋಟವೇಟರ್: 15-18 ಎಚ್‌ಪಿ. ಎರಡರಿಂದ ಐದು ಎಕರೆ ಮಿಶ್ರ ತೋಟ: 20-24. ಮಾವು, ದ್ರಾಕ್ಷಿಗೆ ದೊಡ್ಡ ಸ್ಪ್ರೇಯರ್ ಎಳೆಯಬೇಕು ಅಂದರೆ: 24-28.

ಹಂತ 5: ಟೂ ವೀಲ್ ಡ್ರೈವಾ, ಫೋರ್ ವೀಲ್ ಡ್ರೈವಾ?

ಸಣ್ಣ ಗಾಡಿಗೆ ತೂಕ ಕಡಿಮೆ, 600ರಿಂದ 900 ಕಿಲೋ. ಬೇರಿಗೆ ಅದು ಒಳ್ಳೆಯದು. ಹಿಡಿತಕ್ಕೆ ಕೆಟ್ಟದ್ದು. ಕಲ್ಟಿವೇಟರ್ ಇಳಿಸಿದ ಕೂಡಲೇ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಇಳಿಜಾರಿದ್ದರೆ, ಮಳೆ ಬಿದ್ದ ಮಾರನೇ ದಿನವೇ ಇಳಿಯಬೇಕು ಅಂದರೆ, ಕಣ್ಣು ಮುಚ್ಚಿ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವಂಥದ್ದು, ತೆಗೆದುಕೊಳ್ಳಿ. ಹೆಚ್ಚಿಗೆ ಕೊಡುವ ದುಡ್ಡು ಹದದ ದಿನಗಳಲ್ಲಿ ವಾಪಸ್ ಬರುತ್ತದೆ.

ದೇವನಹಳ್ಳಿ, ಹೊಸಕೋಟೆ ಕಡೆಯ ಸಮತಟ್ಟು ನೆಲದಲ್ಲಿ, ರೋಟವೇಟರ್ ಮತ್ತು ಟ್ರೈಲರ್ ಮಾತ್ರ ಸಾಕು ಅನ್ನುವವರಿಗೆ ಟೂ ವೀಲ್ ಸಾಲುತ್ತದೆ. ರೋಟವೇಟರ್ ತಾನೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ, ಎಳೆಯುವ ಭಾರ ಅಷ್ಟಾಗಿ ಇರುವುದಿಲ್ಲ. ಹಿಡಿತ ಕಡಿಮೆ ಅನ್ನಿಸಿದರೆ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಬಹುದು. ಹಿಂದೆ ಭಾರದ ಉಪಕರಣ ಎತ್ತಿದಾಗ ಮೂತಿ ಮೇಲೆದ್ದರೆ ಮುಂದೆ ತೂಕದ ಕಬ್ಬಿಣ ಹಾಕಿಸಿ. ಹಾಗೆ ಮೂತಿ ಎದ್ದಾಗ ಸ್ಟೇರಿಂಗ್ ಕೆಲಸ ಮಾಡುವುದಿಲ್ಲ.

ಹಂತ 6: ಕ್ಲಚ್, ಪಿಟಿಒ, ಹೈಡ್ರಾಲಿಕ್

ಇಲ್ಲಿ ಒಂದೇ ಒಂದು ಪ್ರಶ್ನೆ ಮರೆಯದೆ ಕೇಳಿ: ಕ್ಲಚ್ ತುಳಿದರೆ ಪಿಟಿಒ ನಿಲ್ಲುತ್ತಾ? ಸಿಂಗಲ್ ಕ್ಲಚ್ ಗಾಡಿಯಲ್ಲಿ ನಿಲ್ಲುತ್ತದೆ. ಗೇರ್ ಬದಲಿಸಲು ಕ್ಲಚ್ ತುಳಿದರೆ ರೋಟವೇಟರೂ ನಿಂತು ಮಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡಬಲ್ ಕ್ಲಚ್ ಅಥವಾ ಪಿಟಿಒಗೆ ಬೇರೆ ಕ್ಲಚ್ ಇದ್ದರೆ ಗಾಡಿ ನಿಂತರೂ ರೋಟವೇಟರ್ ತಿರುಗುತ್ತಿರುತ್ತದೆ. ಔಷಧಿ ಹೊಡೆಯುವಾಗ ಒಂದು ಮರದ ಹತ್ತಿರ ನಿಂತು ಹೊಡೆಯಲು ಇದು ಬೇಕೇ ಬೇಕು. ಪಿಟಿಒ ವೇಗ ನಿಮಿಷಕ್ಕೆ 540 ಸುತ್ತು ಇರುವುದು ಸಾಮಾನ್ಯ. ಇಂಜಿನ್ ಎಷ್ಟು ಆರ್‌ಪಿಎಮ್‌ನಲ್ಲಿ ಆ 540 ಬರುತ್ತದೆ ಅಂತ ನೋಡಿ. ಕಡಿಮೆ ಆರ್‌ಪಿಎಮ್‌ನಲ್ಲಿ ಬಂದರೆ ಹಗುರ ಕೆಲಸಕ್ಕೆ ಡೀಸೆಲ್ ಉಳಿಯುತ್ತದೆ.

ಹೈಡ್ರಾಲಿಕ್ ಎತ್ತುವ ಶಕ್ತಿ ಮಿನಿಗಳಲ್ಲಿ 750 ಕಿಲೋ ಆಸುಪಾಸು ಇರುತ್ತದೆ, ಸಣ್ಣ ತೋಟದ ಉಪಕರಣಕ್ಕೆ ಧಾರಾಳ. ಅದಕ್ಕಿಂತ ಮುಖ್ಯ, ಡ್ರಾಫ್ಟ್ ಕಂಟ್ರೋಲ್ ಇದೆಯಾ ಅನ್ನುವುದು. ನೆಲ ಗಟ್ಟಿಯಾದ ಕಡೆ ಕಲ್ಟಿವೇಟರನ್ನು ತಾನಾಗೇ ಸ್ವಲ್ಪ ಮೇಲೆತ್ತಿ, ಮತ್ತೆ ಇಳಿಸುವ ವ್ಯವಸ್ಥೆ ಅದು. ಬ್ರೇಕು ಎಣ್ಣೆಯಲ್ಲಿ ಮುಳುಗಿರುವಂಥದ್ದಾದರೆ ಕೆಸರು ಧೂಳಿಗೆ ಬೇಗ ಸವೆಯುವುದಿಲ್ಲ. ಪವರ್ ಸ್ಟೇರಿಂಗ್ ಇದ್ದರೆ ಸಾಲಿನ ಕೊನೆಯ ಪ್ರತಿ ತಿರುವಿನಲ್ಲೂ ಕೈಗೆ ಗೊತ್ತಾಗುತ್ತದೆ.

ಸಿಲಿಂಡರ್ ಬಗ್ಗೆ ಜನ ಜಾಸ್ತಿ ವಾದ ಮಾಡುತ್ತಾರೆ. ಒಂದು ಸಿಲಿಂಡರಿನ ಗಾಡಿ ನಡುಗುತ್ತದೆ, ಸದ್ದು ಮಾಡುತ್ತದೆ, ಆದರೆ ಊರಿನ ಮೆಕ್ಯಾನಿಕ್ಕಿಗೆ ಅದು ಚೆನ್ನಾಗಿ ಗೊತ್ತು. ಮೂರು ನಾಲ್ಕು ಸಿಲಿಂಡರಿನದು ನಯವಾಗಿ ಓಡುತ್ತದೆ, ಬೆನ್ನು ನೋಯುವುದಿಲ್ಲ. ವಯಸ್ಸಾದವರು ಓಡಿಸುವುದಾದರೆ ಎರಡನೆಯದೇ ಸರಿ.

ಹಂತ 7: ಯಾವ ಯಾವ ಗಾಡಿ ನೋಡಬೇಕು?

15 ಎಚ್‌ಪಿಯಲ್ಲಿ ಸ್ವರಾಜ್ 717 ಮತ್ತು ಮಹೀಂದ್ರಾ ಯುವರಾಜ್ 215. 21ರಲ್ಲಿ ಕುಬೋಟಾ ನಿಯೋಸ್ಟಾರ್ ಎ211ಎನ್, ಮತ್ತು 2023ರಲ್ಲಿ ಬಂದ ಮಹೀಂದ್ರಾ ಓಜಾ 2121. 24ರಲ್ಲಿ ಮಹೀಂದ್ರಾ ಜೀವೋ 245. 28ರಲ್ಲಿ ಜಾನ್ ಡೀರ್ 3028ಇಎನ್. ಬೆಂಗಳೂರಿನದೇ ಆದ ವಿಎಸ್‌ಟಿ ಕಂಪನಿ 1967ರಲ್ಲಿ ಶುರುವಾಗಿದ್ದು. ಜಪಾನಿನ ಮಿತ್ಸುಬಿಷಿ ಜೊತೆಗಿನ ಸಹಯೋಗದಿಂದ ಬೆಳೆದ ಅದರ ಪವರ್ ಟಿಲ್ಲರ್ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಿನಿ ಟ್ರ್ಯಾಕ್ಟರನ್ನೂ ಮಾಡುತ್ತದೆ.

ಇವೆಲ್ಲವನ್ನೂ ಒಂದೊಂದೇ ಊರಿಗೆ ಹೋಗಿ ನೋಡುವ ಬದಲು ಹೆಬ್ಬಾಳದ ಕಡೆಯ ಜಿಕೆವಿಕೆಯಲ್ಲಿ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ನವೆಂಬರಿನಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋಗಿ. ಬೇರೆ ಬೇರೆ ಕಂಪನಿಯ ಗಾಡಿ ಮತ್ತು ಉಪಕರಣ ಒಂದೇ ಮೈದಾನದಲ್ಲಿ ಇರುತ್ತವೆ. ಟೇಪು ಜೊತೆಗಿರಲಿ. ಅಲ್ಲಿ ಬುಕಿಂಗ್ ಮಾಡಬೇಡಿ, ಅಳತೆ ಬರೆದುಕೊಂಡು ಬನ್ನಿ.

ಕೊನೆಗೆ ಎರಡು ಗಾಡಿ ಸಮ ಅನ್ನಿಸಿದರೆ ಸರ್ವಿಸ್ ಹತ್ತಿರ ಇರುವುದನ್ನು ಆರಿಸಿ. ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಆ ಕಂಪನಿಯ ವರ್ಕ್‌ಶಾಪ್ ಇದೆಯಾ? ಕ್ಲಚ್ ಪ್ಲೇಟ್, ಫಿಲ್ಟರ್, ಪಿಟಿಒ ಸೀಲ್ ಸ್ಟಾಕಿನಲ್ಲಿ ಇದೆಯಾ? ಸೇಲ್ಸ್‌ನವರನ್ನು ಬಿಟ್ಟು ನೇರವಾಗಿ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ. ಜೂನ್ ತಿಂಗಳಲ್ಲಿ ಗಾಡಿ ಹತ್ತು ದಿನ ನಿಂತರೆ ಆ ವರ್ಷದ ಬಿತ್ತನೆ ಹೋಯಿತು.

ಹಂತ 8: ನಿಮ್ಮ ನೆಲದಲ್ಲೇ ಓಡಿಸಿ ನೋಡಿ

ಶೋರೂಮಿನ ಮುಂದಿನ ರಸ್ತೆಯಲ್ಲಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಡೆಮೊ ನಿಮ್ಮ ಜಮೀನಿನಲ್ಲೇ ಆಗಬೇಕು, ನೀವು ಕೊಳ್ಳುವ ರೋಟವೇಟರನ್ನೇ ಕಟ್ಟಿರಬೇಕು. ಡೀಲರ್ ಕಡೆಯ ಹುಡುಗ ಓಡಿಸಿ ತೋರಿಸಿದ ಮೇಲೆ ಮನೆಯಲ್ಲಿ ಯಾರು ಯಾರು ಓಡಿಸುತ್ತಾರೋ ಅವರೆಲ್ಲ ಕೂತು ಓಡಿಸಿ. ನನ್ನ ಹೆಂಡತಿಗೆ ಒಂದು ಗಾಡಿಯ ಕ್ಲಚ್ ಪೂರ್ತಿ ತುಳಿಯಲು ಕಾಲು ಎಟುಕಲಿಲ್ಲ. ವಾರದ ದಿನಗಳಲ್ಲಿ ತೋಟಕ್ಕೆ ಹೋಗುವವರು ಅವರೇ. ಆ ಗಾಡಿಯನ್ನು ಅಲ್ಲಿಗೇ ಕೈಬಿಟ್ಟೆವು.

ರೋಟವೇಟರನ್ನು ನಾಲ್ಕೈದು ಇಂಚು ಆಳಕ್ಕೆ ಇಳಿಸಿ ಒಂದು ಪೂರ್ತಿ ಸಾಲು ಓಡಿಸಿ. ಇಂಜಿನ್ ಸದ್ದು ಕುಗ್ಗಿ ಮತ್ತೆ ಎದ್ದರೆ ಪರವಾಗಿಲ್ಲ, ಕುಗ್ಗುತ್ತಲೇ ಹೋಗಿ ನಿಲ್ಲುವಂತಾದರೆ ಶಕ್ತಿ ಸಾಲದು. ಅರ್ಧ ಗಂಟೆ ಬಿಡದೆ ಓಡಿಸಿ ಟೆಂಪರೇಚರ್ ಮುಳ್ಳು ನೋಡಿ. ಸಾಲಿನ ಕೊನೆಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆಯೋ, ಹಿಂದೆ ಮುಂದೆ ಮಾಡಬೇಕೋ ನೋಡಿ. ಉಪಕರಣ ಮೇಲೆತ್ತಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಕೆಳಗೆ ಕೂತರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆ ಇದೆ. ಏರ್ ಫಿಲ್ಟರ್ ಎಲ್ಲಿದೆ, ರೇಡಿಯೇಟರ್ ಜಾಲರಿ ಕೈಯಲ್ಲೇ ತೆಗೆದು ಹೊಟ್ಟು, ಧೂಳು ಬಡಿಯಬಹುದಾ, ಇದನ್ನೂ ತೆಗೆದು ತೋರಿಸಿ ಅನ್ನಿ. ಬೇಸಿಗೆಯ ಕೆಂಧೂಳಿನಲ್ಲಿ ಈ ಕೆಲಸ ದಿನಾ ಇರುತ್ತದೆ.

ಹಂತ 9: ಹಣ, ಸಬ್ಸಿಡಿ, ಕಾಗದ ಪತ್ರ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಮೂಲ ಬೆಲೆ 5 ಲಕ್ಷ ಇದ್ದರೆ ತೆರಿಗೆ 60,000 ಇದ್ದದ್ದು 25,000 ಆಯಿತು. ಕೊಟೇಶನ್ನಿನಲ್ಲಿ ಮೂಲ ಬೆಲೆ, ತೆರಿಗೆ, ಇನ್ಶೂರೆನ್ಸ್, ನೋಂದಣಿ, ಉಪಕರಣ ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

ಸಬ್ಸಿಡಿ ಬೇಕಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮೊದಲು ಹೋಗಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಫ್ರೂಟ್ಸ್ ಸಂಖ್ಯೆ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ಬೇಕು. ಆ ಸಂಖ್ಯೆಗೆ ನಿಮ್ಮ ಎಲ್ಲಾ ಸರ್ವೆ ನಂಬರ್ ಜೋಡಣೆಯಾಗಿರಬೇಕು. ಯಾವ ವರ್ಗಕ್ಕೆ ಎಷ್ಟು, ಈ ವರ್ಷ ಯಾವ ಮಾದರಿ ಪಟ್ಟಿಯಲ್ಲಿದೆ ಅಂತ ಅಲ್ಲೇ ತಿಳಿಯುತ್ತದೆ. ಮಂಜೂರಾತಿ ಕೈಗೆ ಬರುವ ಮುಂಚೆ ಗಾಡಿಗೆ ಪೂರ್ತಿ ದುಡ್ಡು ಕಟ್ಟಬೇಡಿ. ಸಾಲ ಮಾಡುವುದಾದರೆ ಕಂತು ತಿಂಗಳಿಗೋ ಆರು ತಿಂಗಳಿಗೋ ಕೇಳಿ. ಮಾವು ಮಾರಿ ಬರುವ ದುಡ್ಡು ವರ್ಷಕ್ಕೊಮ್ಮೆ ಮಾತ್ರ, ಅಲ್ವಾ?

ಆರ್‌ಟಿಒ ನೋಂದಣಿ ಮತ್ತು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಸಬೇಡಿ. ಟ್ರೈಲರಿಗೆ ಬೇರೆ ನೋಂದಣಿ ಬೇಕು.

ಹಳೆಯ ಗಾಡಿ ನೋಡುವುದಾದರೆ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ ಹೋಗಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ. ಗೇರ್ ಎಣ್ಣೆ ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಇಂಜಿನ್ ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಹೊಗೆ ರಭಸವಾಗಿ ಬಂದರೆ ಪಿಸ್ಟನ್ ರಿಂಗು ಸವೆದಿದೆ. ಮೀಟರ್ 800 ಗಂಟೆ ತೋರಿಸಿ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಇವು ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.

ಹಂತ 10: ಗಾಡಿ ಮನೆಗೆ ಬಂದ ಮೇಲೆ

ಮೊದಲ 50 ಗಂಟೆ ಪೂರ್ತಿ ಭಾರ ಹಾಕಬೇಡಿ. ಮೊದಲ ಸರ್ವಿಸ್ ಸಾಮಾನ್ಯವಾಗಿ ಆಗಲೇ ಇರುತ್ತದೆ. ಹೊಸ ಗೇರಿನಿಂದ ಉದುರಿದ ಲೋಹದ ಪುಡಿ ಎಣ್ಣೆಯ ಜೊತೆ ಹೊರಗೆ ಹೋಗಬೇಕು, ಆದ್ದರಿಂದ ಅದನ್ನು ಮುಂದೂಡಬೇಡಿ. ಶೆಡ್ಡಿನಲ್ಲಿ ನಿಲ್ಲಿಸಿದಾಗ ಇಲಿ ವೈರ್ ಕಡಿಯದಂತೆ ನೋಡಿಕೊಳ್ಳಿ.

ಸುರಕ್ಷತೆಯ ಮಾತನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಗಾಡಿ ಸಣ್ಣದು, ಆದ್ದರಿಂದ ಅಪಾಯವೂ ಸಣ್ಣದು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಮರದ ಬೊಡ್ಡೆ ಎಳೆಯಲು ಹಗ್ಗವನ್ನು ಮೇಲಿನ ಲಿಂಕಿಗೆ ಕಟ್ಟಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಒಂದೆರಡು ಸೆಕೆಂಡಿನ ಮಾತು, ಇಳಿಯಲು ಸಮಯ ಸಿಗುವುದಿಲ್ಲ. ಏನನ್ನೇ ಎಳೆಯುವುದಿದ್ದರೂ ಗಾಡಿಯ ಹಿಂದೆ ಕೆಳಗಿರುವ ಡ್ರಾಬಾರಿಗೆ (ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿ) ಕಟ್ಟಿ. ಮಗುಚಿದರೆ ಕಾಪಾಡುವ ಕಬ್ಬಿಣದ ಚೌಕಟ್ಟು ಇರುವ ಮಾದರಿಯಾದರೆ ಸೀಟ್ ಬೆಲ್ಟ್ ಹಾಕಿಯೇ ಓಡಿಸಿ. ತೋಟದಲ್ಲಿ ತಿರುಗಲು ಎಡ ಬಲದ ಬ್ರೇಕ್ ಪೆಡಲ್ ಬಿಡಿಸಿರುತ್ತೀರಿ. ರಸ್ತೆಗೆ ಬರುವ ಮುಂಚೆ ಎರಡನ್ನೂ ಸೇರಿಸಿ ಲಾಕ್ ಮಾಡಿ, ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ತಿರುಗಿ ಉರುಳುತ್ತದೆ.

ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರನ್ನು ಕೆಲವರು ಗ್ರೀಸ್ ಹಾಕಲು ಅಡ್ಡ ಅಂತ ಕಿತ್ತು ಬಿಸಾಕುತ್ತಾರೆ. ಅದು ಮುರಿದರೆ ಹೊಸದು ತಂದು ಹಾಕಿ. ಲುಂಗಿ, ಸೀರೆ ಸೆರಗು, ಟವೆಲ್ ಯಾವುದೂ ಆ ಶಾಫ್ಟಿನ ಹತ್ತಿರ ಹೋಗಬಾರದು. ಬ್ಲೇಡಿಗೆ ಸುತ್ತಿದ ಹಂಬು, ಹುಲ್ಲು ಬಿಡಿಸುವ ಮುಂಚೆ ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಭಾನುವಾರ ತೋಟಕ್ಕೆ ಮಕ್ಕಳು ಬಂದಾಗ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸಬೇಕು ಅಂತ ಆಸೆ ಆಗುತ್ತದೆ. ನಮ್ಮ ಮನೆಯಲ್ಲೂ ಕೇಳುತ್ತಾರೆ. ಕೂರಿಸಬೇಡಿ. ಅವರಿಗೆ ಗಾಡಿ ಹತ್ತುವ ಆಸೆ ಇದ್ದರೆ ಇಂಜಿನ್ ಆಫ್ ಆಗಿರುವಾಗ, ಉಪಕರಣ ನೆಲಕ್ಕೆ ಇಳಿಸಿ, ಸೀಟಿನ ಮೇಲೆ ಕೂರಿಸಿ ಸ್ಟೇರಿಂಗ್ ಹಿಡಿಸಿ.